ಕನ್ನಡಕದ ಅಂಗಡಿಗೆ ಕಾರ್ಡ್ ಮಷೀನ್ ಹಾಕಿಸಿದರೆ ಹೇಗೆ? ಅನುಭವ ಇದ್ದವರು ಹೇಳಿ

ಶಿವಮೊಗ್ಗದವನು: ಅಂಗಡಿಯಲ್ಲಿ ಕ್ಯೂಆರ್ ಇದೆ. ಹತ್ತಿರ, ದೂರ ಎರಡಕ್ಕೂ ಆಗುವ ಪ್ರೋಗ್ರೆಸಿವ್ ಲೆನ್ಸ್ ಹಾಕಿಸಿದರೆ ಬಿಲ್ 10,000 ದಾಟುತ್ತದೆ, ಅಂಥವರು ಕ್ರೆಡಿಟ್ ಕಾರ್ಡ್ ತೆಗೆಯುತ್ತಾರೆ. ಮಷೀನ್ ಬಾಡಿಗೆಗೆ ತರಲಾ, ಕೊಂಡುಬಿಡಲಾ?

ಹಾಸನ ಮೊಬೈಲ್ಸ್: ಬೇಡ ಸ್ವಾಮಿ. 18,000 ರೂಪಾಯಿ ಫೋನ್ ಮಾರಿದರೆ ನನಗೆ ಉಳಿಯುವುದು 700. ಕಾರ್ಡ್ ಉಜ್ಜಿದರೆ ನನ್ನ ಬ್ಯಾಂಕ್ 2 ಪರ್ಸೆಂಟ್ ಹಿಡಿಯುತ್ತದೆ, ಅಂದರೆ 360. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 64.80. ಕೈಗೆ ಸಿಕ್ಕಿದ್ದು 275 ರೂಪಾಯಿ 20 ಪೈಸೆ. ತಿಂಗಳ ಬಾಡಿಗೆ ಬೇರೆ 350, ಅದಕ್ಕೂ ಜಿಎಸ್‌ಟಿ. ಆಷಾಢದಲ್ಲಿ ಇಡೀ ತಿಂಗಳಿಗೆ ಮೂರು ಸಲ ಉಜ್ಜಿದ್ದೆ. ವಾಪಸ್ ತಗೊಳ್ಳಿ ಅಂತ ಜನವರಿಯಿಂದ ಹೇಳುತ್ತಿದ್ದೇನೆ, ಯಾರೂ ಬಂದಿಲ್ಲ.

ಹುಬ್ಬಳ್ಳಿ ಸೀರೆ ಅಂಗಡಿ: ಆ 64.80 ಇನ್‌ಪುಟ್ ಕ್ರೆಡಿಟ್‌ನಲ್ಲಿ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ವಾಪಸ್ ಬರುತ್ತದೆ ಅಲ್ವಾ? ಅರ್ಧ ಲೆಕ್ಕ ಹೇಳಿ ಯಾಕ ಹೆದರಸ್ತೀರಿ? ನಾನು ಮಷೀನ್ ಇಟ್ಟ ಮೇಲೆ ಮದುವೆ ಸೀಸನ್‌ನಲ್ಲಿ ಒಂದು ಸೀರೆ ಅಂತ ಬಂದವರು ಮೂರು ಒಯ್ದಿದ್ದಾರೆ.

ಹಾಸನ ಮೊಬೈಲ್ಸ್: ನಾನು ಕಾಂಪೋಸಿಷನ್‌ನಲ್ಲಿದ್ದೇನೆ, ವಹಿವಾಟಿನ ಮೇಲೆ ಇಷ್ಟು ಪರ್ಸೆಂಟ್ ಅಂತ ಕಟ್ಟಿ ಮುಗಿಸುವ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಸ್ಕೀಮು. ನನಗೆಲ್ಲಿಯ ಇನ್‌ಪುಟ್ಟು? ಸೀರೆ ಮಾರ್ಜಿನ್ ಫೋನಿನಲ್ಲಿ ಇದ್ದಿದ್ದರೆ ನಾನೂ ಹೀಗೇ ಮಾತಾಡುತ್ತಿದ್ದೆ. ಆ 2 ಪರ್ಸೆಂಟ್ ಗಿರಾಕಿ ತಲೆಗೇ ಕಟ್ಟುತ್ತೀರೋ ಏನೋ.

ಹುಬ್ಬಳ್ಳಿ ಸೀರೆ ಅಂಗಡಿ: ಒಂದು ರೂಪಾಯಿನೂ ತಗೊಂಡಿಲ್ಲ. ನಾಲಿಗೆ ಮೇಲೆ ಹಿಡಿತ ಇರಲಿ.

ಉಡುಪಿ ಹೋಂಸ್ಟೇ: ಜಗಳ ಸಾಕು ಮಾರಾಯ್ರೆ. ಚಾರ್ಜ್‌ಬ್ಯಾಕ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಎರಡು ರಾತ್ರಿ ಉಳಿದು, ಮೀನೂಟ ಮಾಡಿ ಹೋದವರು ಎರಡು ತಿಂಗಳ ಮೇಲೆ 'ಇದು ನನ್ನ ಖರ್ಚಲ್ಲ' ಅಂತ ಬ್ಯಾಂಕಿಗೆ ಬರೆದರು. 9,600 ನನ್ನ ಖಾತೆಯಿಂದ ಕಟ್. ಸಹಿ ಹಾಕಿದ ಸ್ಲಿಪ್ ಕೇಳಿದರು. ಹುಡುಕಿ ತೆಗೆದರೆ ಬಿಳಿ ಕಾಗದ! ಮಳೆಗಾಲದ ತೇವಕ್ಕೋ ಏನೋ, ಅಕ್ಷರವೆಲ್ಲ ಮಾಯ. ಈಗ ಪ್ರತಿ ಸ್ಲಿಪ್‌ನ ಫೋಟೋ ತೆಗೆದು ಇಡುತ್ತೇನೆ, ಹೆಂಡತಿ ನಗುತ್ತಾಳೆ. ಆ ದುಡ್ಡು ಮಾತ್ರ ಬರಲೇ ಇಲ್ಲ.

ಬೆಂಗಳೂರು ಬೇಕರಿ: ಮಷೀನೂ ಬೇಡ, ಕ್ಯೂಆರೂ ಬೇಡ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂತಲ್ಲ, ನೆನಪಿಲ್ವಾ? ನಮ್ಮ ರಸ್ತೆಯಲ್ಲಿ ಎಲ್ಲರೂ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ದರು.

ಹುಬ್ಬಳ್ಳಿ ಸೀರೆ ಅಂಗಡಿ: ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿಗೆ ರಿಜಿಸ್ಟರ್ ಆಗಬೇಕಿತ್ತು. ನಾವು ಕಟ್ಟುತ್ತಿಲ್ವೇನು?

ಬೆಂಗಳೂರು ಬೇಕರಿ: ಅದರಲ್ಲಿ ಅರ್ಧ ಹಾಲು, ಬ್ರೆಡ್ಡು. ಅವಕ್ಕೆ ಜಿಎಸ್‌ಟಿನೇ ಇಲ್ಲ. ತಂಗಿ ಮದುವೆಗೆ ತಂದ ಕೈಸಾಲವೂ ಅದೇ ನಂಬರಿಗೆ ಬಂದಿತ್ತು. ಆಡಿಟರ್‌ಗೆ ಕೊಟ್ಟ 8,000 ನೀವು ಕೊಡ್ತೀರಾ?

ಶಿವಮೊಗ್ಗದವನು: ಬಾಡಿಗೆಗಾ, ಕೊಳ್ಳೋದಾ ಅಂತ ಕೇಳಿದ್ದೆ...

ಹಾಸನ ಮೊಬೈಲ್ಸ್: ಬಾಡಿಗೆಗೇ ತಗೊಳ್ಳಿ, ನಿಲ್ಲಿಸೋದು ಹೇಗೆ ಅಂತ ಮೊದಲೇ ಬರೆಸಿಕೊಳ್ಳಿ. ಬೇಕರಿಯವರೇ, ಕೈಸಾಲವನ್ನು ಅಂಗಡಿ ಕ್ಯೂಆರ್‌ಗೆ ಹಾಕಿಸಿಕೊಂಡಿದ್ದು ಯಾರ ತಪ್ಪು?