‘ತಂಬಾಕು ಸೇವನೆ’ಯನ್ನು ಆಡುಮಾತಿನಲ್ಲಿ ಹೇಗೆ ಕೇಳೋದು?

ಗೆಳೆಯರೇ,

ತುಮಕೂರಿನ ದಂತ ಕಾಲೇಜೊಂದರ ವಿದ್ಯಾರ್ಥಿಗಳು ಬಾಯಿ ಕ್ಯಾನ್ಸರ್ ತಪಾಸಣೆಗೆ ಹಳ್ಳಿಗಳಿಗೆ ಹೊರಟಿದ್ದಾರೆ. ಅವರ ಪ್ರಶ್ನೆಪಟ್ಟಿಯ ಕನ್ನಡ ತಿದ್ದುವ ಕೆಲಸ ನನಗೆ ಬಂದಿದೆ. ಮೊದಲ ಸಾಲೇ ಹೀಗಿದೆ: ‘ತಾವು ತಂಬಾಕು ಸೇವನೆ ಮಾಡುತ್ತೀರಾ?’

ಗುಬ್ಬಿ ಕಡೆಯ ಅಜ್ಜಿಯೊಬ್ಬರನ್ನು ಹೀಗೆ ಕೇಳಿದರೆ ‘ಅಯ್ಯೋ, ಇಲ್ಲಪ್ಪ’ ಅನ್ನುತ್ತಾರೆ. ಹಾಗನ್ನುವಾಗಲೂ ಕೆನ್ನೆಯೊಳಗೆ ಹೊಗೆಸೊಪ್ಪಿನ ಚೂರು ಇರುತ್ತದೆ. ಸುಳ್ಳೇನಲ್ಲ. ಅವರ ಪಾಲಿಗೆ ತಂಬಾಕು ಅಂದರೆ ಬೀಡಿ, ಸಿಗರೇಟು, ಗಂಡಸರ ಬಾಬತ್ತು. ‘ಸೇವನೆ’ ಏನಿದ್ದರೂ ಪಂಡಿತರು ಕೊಟ್ಟ ಲೇಹ್ಯಕ್ಕೆ. ನಮ್ಮ ಜನ ಎಲೆಅಡಿಕೆ ಹಾಕುತ್ತಾರೆ, ಕಡ್ಡಿಪುಡಿ ಜಗಿಯುತ್ತಾರೆ, ಬೀಡಿ ಸೇದುತ್ತಾರೆ, ನಶ್ಯ ಏರಿಸುತ್ತಾರೆ, ಕೆಲವರು ಅದೇ ನಶ್ಯವನ್ನು ಹಲ್ಲಿಗೆ ಉಜ್ಜುತ್ತಾರೆ. ಹಾಗಾಗಿ ಒಂದು ಪ್ರಶ್ನೆಯನ್ನು ಒಡೆದು ಐದು ಮಾಡಿದ್ದೇನೆ.

ಅಡಿಕೆಯನ್ನು ಬೇರೆಯಾಗಿಯೇ ಕೇಳಿದ್ದೇನೆ. ಹೊಗೆಸೊಪ್ಪು ಸೇರದಿದ್ದರೂ ಬರೀ ಅಡಿಕೆಯಿಂದ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ತೋಟದ ಸೀಮೆಯಲ್ಲಿ ನಿಂತು ಇದನ್ನು ಕೇಳೋಕೆ ಸ್ವಲ್ಪ ಧೈರ್ಯ ಬೇಕು, ಅಲ್ವಾ? ‘ಚಟ’ವನ್ನು ಹೊಡೆದುಹಾಕಿದೆ. ಚಟ ಇದೆಯಾ ಅಂದರೆ ಯಾರು ತಾನೇ ಹೂಂ ಅಂತಾರೆ? ‘ರೂಢಿ’ ಸಾಕು.

ಹೆಚ್ಚು ತೊಡಕಾಗಿರುವುದು ‘ಹುಣ್ಣು’. ಉಷ್ಣಕ್ಕೆ ಬಾಯಲ್ಲಿ ಹುಣ್ಣಾಗಿದೆ ಅನ್ನೋದು ದಿನದ ಮಾತು. ಉರಿ, ನೋವು ಇದ್ದರೆ ಮಾತ್ರ ಅದು ಹುಣ್ಣು. ಕ್ಯಾನ್ಸರಿನ ಹುಣ್ಣು ಶುರುವಿನಲ್ಲಿ ಎಷ್ಟೋ ಸಲ ನೋಯುವುದೇ ಇಲ್ಲ. ನೋಯದ್ದನ್ನು ಜನ ಲೆಕ್ಕಕ್ಕೇ ಹಿಡಿಯಲ್ಲ. ಪಟ್ಟಿಯಲ್ಲಿದ್ದದ್ದು ‘ಗುಣಮುಖವಾಗದ ವ್ರಣ’. ನಾನು ‘ನೋವಿರಲಿ, ಇಲ್ಲದಿರಲಿ, ಎರಡು ವಾರವಾದರೂ ಮಾಯದ ಹುಣ್ಣು’ ಅಂತ ಬರೆದೆ. ಹುಡುಗರಿಗೆ ‘ಮಾಯದ’ ಅಂದರೆ ಮಾಯ ಮಂತ್ರ ನೆನಪಾಯಿತಂತೆ! ‘ವಾಸಿಯಾಗದ’ ಅನ್ನೋದೇ ವಾಸಿಯೇನೋ.

‘ಬಿಳಿ ಮಚ್ಚೆ’ ಅಂದರೆ ತೊನ್ನು ಅಂದುಕೊಳ್ಳುತ್ತಾರೆ. ಅದಕ್ಕೆ ‘ಕೆನ್ನೆಯೊಳಗೆ ಒರೆಸಿದರೂ ಹೋಗದ ಬಿಳಿ ಕಲೆ’ ಅಂತ ಬಿಡಿಸಿ ಬರೆದಿದ್ದೇನೆ.

ಕೊನೆಯದು ‘ಬಾಯಿ ತೆರೆಯುವಿಕೆಯಲ್ಲಿ ಮಿತಿ’. ಅಡಿಕೆ, ಗುಟ್ಕಾ ಜಾಸ್ತಿ ಹಾಕುವವರಿಗೆ ಕೆನ್ನೆಯ ಒಳಪದರ ಗಡುಸಾಗುತ್ತಾ ಬರುತ್ತದೆ. ಮೊದಮೊದಲು ಸಾರಿನ ಖಾರ ತಡೆಯಲ್ಲ. ಆಮೇಲೆ ಬಾಯಿ ಅಗಲಿಸೋಕೆ ಆಗದೆ ಮುದ್ದೆ ತುತ್ತೇ ಹೋಗಲ್ಲ. ಇದನ್ನು ಕೇಳೋದು ಹೇಗೆ? ‘ಬಾಯಿ ಕಟ್ಟಿದೆಯಾ’ ಅಂದರೆ ಪಥ್ಯದ ಮಾತಾಯಿತು. ‘ಬಾಯಿ ಬಿಡೋಕೆ ಆಗುತ್ತಾ’ ಅಂದರೆ ಗುಟ್ಟು ಕೇಳಿದ ಹಾಗೆ. ಸದ್ಯಕ್ಕೆ ‘ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡೋಕೆ ಆಗುತ್ತಾ?’ ಅಂತ ಹಾಕಿದ್ದೇನೆ.

ಪಾವಗಡ, ಬಾಗೇಪಲ್ಲಿ ಕಡೆ ತೆಲುಗಿನ ‘ಪೊಗಾಕು’ ನಡೆಯುತ್ತದೆ, ಅದನ್ನೂ ಪಕ್ಕದಲ್ಲಿ ಸೇರಿಸುತ್ತೇನೆ. ಶಿರಾ, ಮಧುಗಿರಿ, ಮುಳಬಾಗಿಲಿನವರು ಎರಡು ವಿಷಯ ತಿಳಿಸಿ. ಬಾಯಿ ಹೀಗೆ ಬಿಗಿಯಾಗೋದಕ್ಕೆ ನಿಮ್ಮ ಮನೆಯ ಹಿರಿಯರು ಏನಂತಾರೆ? ಹೊಗೆಸೊಪ್ಪನ್ನು ಜಗಿಯದೆ ಸುಮ್ನೆ ದವಡೆಗೆ ಒತ್ತಿ ಇಟ್ಟುಕೊಳ್ಳೋದಕ್ಕೆ ಬೇರೆ ಮಾತಿದೆಯಾ?