ನುಡಿ, ಟ್ಯಾಲಿ, ಔಟ್‌ಲುಕ್ ಇರುವ ಆಫೀಸು ಕ್ಲೌಡ್‌ಗೆ ಹೋಗುವಾಗ

ಪ್ರಶ್ನೆ: 12 ಜನರ ಆಡಿಟರ್ ಆಫೀಸು. ಆಫೀಸ್ 2016ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, ಹಾಗಾಗಿ ಗೂಗಲ್ ವರ್ಕ್‌ಸ್ಪೇಸ್‌ಗೆ (ಮೇಲ್, ಡಾಕ್ಸ್, ಶೀಟ್ಸ್, ಡ್ರೈವ್ ಇರುವ ಗೂಗಲ್‌ನ ಆನ್‌ಲೈನ್ ಸೇವೆ) ಹೋಗುವ ಯೋಚನೆ. ಸಹಕಾರ ಸಂಘಗಳ ಪತ್ರಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿವೆ, ಲೆಕ್ಕ ಟ್ಯಾಲಿಯಲ್ಲಿದೆ, ಮೇಲ್ ಪಾಪ್ (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ) ಮೂಲಕ ಔಟ್‌ಲುಕ್‌ಗೆ ಬರುತ್ತದೆ. ಅನುಭವ ಇರುವವರು ತಿಳಿಸಿ, ಎಲ್ಲಿಂದ ಶುರು ಮಾಡುವುದು?

ಉತ್ತರ 1: ನುಡಿಯಿಂದ ಶುರು ಮಾಡಿ ಸರ್, ಹೆಚ್ಚು ಸಮಯ ಹಿಡಿಯುವುದು ಅದೇ. ಹಳೆಯ ನುಡಿ ಫಾಂಟಿನ ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಆ ಫಾಂಟ್ ಇಲ್ಲ, ನಾವಾಗಿ ಸೇರಿಸಲೂ ಆಗದು. ತೆರೆದರೆ ಪುಟ ತುಂಬ ಚುಕ್ಕೆ-ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು.

ಹಳೆಯದನ್ನೆಲ್ಲ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಪದ್ಧತಿ) ಬದಲಿಸಲು ಹೋಗಬೇಡಿ. ಮುಗಿದ ಪತ್ರಗಳನ್ನು ನುಡಿ ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ. ಫಾಂಟ್ ಒಳಗೇ ಕೂತುಬಿಡುತ್ತದೆ. ಆ ಪಿಡಿಎಫ್‌ನ ಒಳಗೆ ಕನ್ನಡದಲ್ಲಿ ಹುಡುಕಲು ಬರುವುದಿಲ್ಲ, ಆದ್ದರಿಂದ ಸಂಘದ ಹೆಸರು, ವರ್ಷ ಎರಡನ್ನೂ ಕಡತದ ಹೆಸರಿನಲ್ಲೇ ಹಾಕಿ. ಇಂದಿಗೂ ಬಳಸುವ ನಮೂನೆಗಳನ್ನು ಮಾತ್ರ ನುಡಿಯಿಂದ ಯೂನಿಕೋಡ್ ಮಾಡುವ ಪರಿವರ್ತಕದಲ್ಲಿ ಹಾಕಿ. ಬರಿಯ ಪಠ್ಯ ನೋಡುವ ಪರಿವರ್ತಕಕ್ಕೆ ಯಾವ ಪದ ಯಾವ ಫಾಂಟಿನಲ್ಲಿತ್ತೆಂಬುದು ತಿಳಿಯುವುದಿಲ್ಲ, ನಡುವೆ ಇರುವ ಇಂಗ್ಲಿಷ್ ಹೆಸರು, ಪ್ಯಾನ್ ಸಂಖ್ಯೆಗಳನ್ನೂ ಕನ್ನಡ ಮಾಡಿಬಿಡುತ್ತದೆ. ಅವನ್ನು ಮೊದಲೇ ತೆಗೆದಿಟ್ಟು ಆಮೇಲೆ ಸೇರಿಸಿ. ಅರ್ಕಾವತ್ತು, ಒತ್ತಕ್ಷರ, ದೀರ್ಘ ಇರುವ ಕಡೆ ಕಣ್ಣಾಡಿಸಲೇಬೇಕು. ನೋಟೋ ಸ್ಯಾನ್ಸ್ ಕನ್ನಡ ಎಂಬ ಯೂನಿಕೋಡ್ ಫಾಂಟಿನ ಅಗಲ ಬೇರೆ, ಒಂದು ಪುಟದ ನೋಟಿಸು ಎರಡಕ್ಕೆ ಹರಿಯಬಹುದು. ಟೈಪಿಸ್ಟರು ಹೊಸ ಕೀಲಿಮಣೆ ಕಲಿಯಬೇಕಿಲ್ಲ, ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಆರಿಸಿದರೆ ಸಾಕು.

ಉತ್ತರ 2: ಟ್ಯಾಲಿ ಡೇಟಾ ಫೋಲ್ಡರನ್ನು ಮಾತ್ರ ಡ್ರೈವ್ ಸಿಂಕ್ (ಕಂಪ್ಯೂಟರಿನ ಕಡತಗಳನ್ನು ತಾನಾಗಿ ಗೂಗಲ್ ಡ್ರೈವ್‌ಗೆ ನಕಲಿಸುವ ವ್ಯವಸ್ಥೆ) ಒಳಗೆ ಇಡಬೇಡಿ. ಒಂದು ಕಂಪನಿಯ ಡೇಟಾ ಅಂದರೆ ಒಂದಕ್ಕೊಂದು ತಾಳೆಯಾಗಬೇಕಾದ ಹಲವು ಕಡತಗಳು. ಎಂಟ್ರಿ ನಡೆಯುತ್ತಿರುವಾಗಲೇ ಸಿಂಕ್ ಕೆಲವನ್ನು ಒಯ್ದು ಕೆಲವನ್ನು ಬಿಟ್ಟರೆ ಡೇಟಾ ಕೆಡುತ್ತದೆ. ಡೇಟಾ ಈಗಿರುವ ಸರ್ವರ್‌ನಲ್ಲೇ ಇರಲಿ. ಸಂಜೆ ಎಲ್ಲರೂ ಟ್ಯಾಲಿಯಿಂದ ಹೊರಬಂದ ಮೇಲೆ ಅದರದೇ ಬ್ಯಾಕಪ್ ತೆಗೆದು, ಆ ಕಡತವನ್ನು ಡ್ರೈವ್‌ಗೆ ಹಾಕಿ.

ಉತ್ತರ 3: ಮೇಲ್ ಬಗ್ಗೆ. ಪಾಪ್ ಅಂದರೆ ಹಳೆಯ ಮೇಲ್ ಬಹುಮಟ್ಟಿಗೆ ಆಯಾ ಕಂಪ್ಯೂಟರಿನಲ್ಲಿ ಔಟ್‌ಲುಕ್ ಮೇಲ್ ಕೂಡಿಡುವ ಪಿಎಸ್‌ಟಿ ಕಡತದಲ್ಲಿ ಮಾತ್ರ ಇರುತ್ತದೆ. ಔಟ್‌ಲುಕ್ ಮುಚ್ಚಿ 12 ಪಿಎಸ್‌ಟಿಗಳನ್ನೂ ನಕಲು ಮಾಡಿಟ್ಟುಕೊಳ್ಳಿ, ಆಮೇಲೆ ಔಟ್‌ಲುಕ್‌ಗೆಂದೇ ಗೂಗಲ್ ಕೊಡುವ ಉಪಕರಣದಿಂದ ಏರಿಸಿ. ಬದಲಾವಣೆಗೆ ಒಂದೆರಡು ದಿನ ಮುಂಚೆ ಡಿಎನ್ಎಸ್‌ನಲ್ಲಿ (ನಿಮ್ಮ ಡೊಮೇನ್ ಹೆಸರಿನ ದಾಖಲೆಗಳು) ಟಿಟಿಎಲ್ ಅನ್ನು, ಅಂದರೆ ಇತರ ಸರ್ವರ್‌ಗಳು ಹಳೆಯ ದಾಖಲೆಯನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ಹೊಸ ಎಂಎಕ್ಸ್ (ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂಬ ದಾಖಲೆ) ಹಾಕಿ, ಹಳೆಯದನ್ನು ಅಳಿಸಿ. ಎರಡೂ ಉಳಿದರೆ ಕೆಲವು ಮೇಲ್ ಹಳೆಯ ಪೆಟ್ಟಿಗೆಗೇ ಹೋಗುತ್ತವೆ. ನಿಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆ ಒಂದೇ ಇರಲಿ, ಎರಡಿದ್ದರೆ ತಪಾಸಣೆಯೇ ವಿಫಲ. ಕಳಿಸುವ ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂ ಕೂಡ ಮರೆಯದೆ ಆನ್ ಮಾಡಿ.

ದಿನ ಆರಿಸುವಾಗ ಜಿಎಸ್‌ಟಿ ರಿಟರ್ನ್‌ಗಳ 11 ಮತ್ತು 20ನೇ ತಾರೀಖು ದಾಟಿರಲಿ. ಸೆಪ್ಟೆಂಬರ್ ತಂಟೆಗೆ ಹೋಗಲೇಬೇಡಿ. ಪೋರ್ಟಲ್ ಒಟಿಪಿಗಳು ಈಗಿನ ಮೇಲ್ ವಿಳಾಸಗಳಿಗೇ ಬರುವುದರಿಂದ ವಿಳಾಸಗಳನ್ನು ಬದಲಿಸಬೇಡಿ.

ಉತ್ತರ 4: ಎಕ್ಸೆಲ್ ಮ್ಯಾಕ್ರೋಗಳು (ಕೆಲಸ ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಮ್‌ಗಳು) ಗೂಗಲ್ ಶೀಟ್ಸ್‌ನಲ್ಲಿ ಓಡುವುದಿಲ್ಲ. ಒಂದು ಎಕ್ಸೆಲ್ ಕಡತದಿಂದ ಇನ್ನೊಂದಕ್ಕೆ ಕೊಟ್ಟ ಲಿಂಕ್‌ಗಳೂ ಕಡಿದುಹೋಗುತ್ತವೆ. ಅಂಥ ಕಡತಗಳಿಗಾಗಿ ಎರಡು-ಮೂರು ಕಂಪ್ಯೂಟರಿನಲ್ಲಿ ಬೆಂಬಲ ಇರುವ ಎಕ್ಸೆಲ್ ಉಳಿಸಿಕೊಳ್ಳಿ. ‘ಎಲ್ಲವನ್ನೂ ಬದಲಿಸಿದೆವು’ ಎಂಬ ಹೆಮ್ಮೆ ಯಾರಿಗೆ ಬೇಕು?

ಕೇಳಿದವರು: ತುಂಬ ಉಪಯೋಗವಾಯಿತು. ಯಾವ ಪ್ಲ್ಯಾನ್? ಸ್ಟಾರ್ಟರ್ ಸಾಕೇ?

ಉತ್ತರ 5: ಸಾಲದು. ಸ್ಟಾರ್ಟರ್‌ನಲ್ಲಿ ಶೇರ್ಡ್ ಡ್ರೈವ್ (ಕಡತಗಳ ಒಡೆತನ ಆಫೀಸಿನದೇ ಆಗಿರುವ ಜಾಗ) ಇಲ್ಲ, ಸ್ಟ್ಯಾಂಡರ್ಡ್‌ನಿಂದ ಮೇಲೆ ಇದೆ. ‘ಮೈ ಡ್ರೈವ್’ ಕಡತದ ಒಡೆತನ ಆಯಾ ನೌಕರನ ಖಾತೆಯದು. ಒಡೆತನ ವರ್ಗಾಯಿಸದೆ ಆ ಖಾತೆ ಅಳಿಸಿದರೆ, ಮರಳಿ ಪಡೆಯಲು 20 ದಿನ ಮಾತ್ರ. ಆರ್ಟಿಕಲ್ ಹುಡುಗರು (ಸಿಎ ತರಬೇತಿಗೆ ಬರುವವರು) ಬಂದು ಹೋಗುವ ಆಫೀಸಿನಲ್ಲಿ ಕ್ಲೈಂಟ್ ಕಡತಗಳು ಶೇರ್ಡ್ ಡ್ರೈವ್‌ನಲ್ಲೇ ಇರಬೇಕು. ಹುಡುಗರಿಗೆ ‘ಕಾಂಟ್ರಿಬ್ಯೂಟರ್’ ಹಕ್ಕು ಕೊಡಿ, ತಿದ್ದಬಹುದು, ಅಳಿಸಲಾಗದು. ಎಲ್ಲ ಹಕ್ಕೂ ಇರುವ ಸೂಪರ್ ಅಡ್ಮಿನ್ ಇಬ್ಬರಿರಲಿ, ಫೋನ್ ಇಲ್ಲದಾಗಲೂ ಲಾಗಿನ್ ಆಗಲು ಬೇಕಾದ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ಮಾಡಿ ಬೀರುವಿನಲ್ಲಿಡಿ.