ಓದುಗರ ಸ್ಪಂದನ: ದೊಡ್ಡ ಮಗ, ರಾತ್ರಿಯ ಭಯ

(ಕಳೆದ ವಾರದ ಸಮಸ್ಯೆ: ಹದಿಮೂರು ವರ್ಷದ ಮಗನಿಗೆ ಬೈಪೋಲಾರ್ (ಮೂಡ್ ಅತಿಯಾಗಿ ಏರುವ, ಅತಿಯಾಗಿ ಇಳಿಯುವ ಕಾಯಿಲೆ) ಇದೆ, ಮಾತ್ರೆ ನಡೆಯುತ್ತಿದೆ. ಕತ್ತಲಾದರೆ ಒಬ್ಬನೇ ಕೋಣೆಯಲ್ಲಿರಲ್ಲ, ಮಳೆ ಜೋರಾದರೆ ನಿದ್ದೆಯೇ ಇಲ್ಲ. ಮನೆಯವರು ನಾಟಕ ಅಂತಾರೆ. – ಒಬ್ಬ ತಾಯಿ, ಮಾದಾಪುರ, ಕೊಡಗು)

ಅಕ್ಕಾ, ಅದು ಖಂಡಿತ ನಾಟಕ ಅಲ್ಲ. 2018ರ ಆಗಸ್ಟ್‌ನಲ್ಲಿ ನಿಮ್ಮ ಕಡೆ, ಮಕ್ಕಂದೂರು ಕಡೆ ಗುಡ್ಡ ಜರಿದ ಮೇಲೆ ಹಂಚಿನ ಮೇಲೆ ಮಳೆ ಬಡಿದರೆ ದೊಡ್ಡವರ ಎದೆಯೇ ಹೊಡೆದುಕೊಳ್ಳುತ್ತದೆ. ಮೂಡ್ ಏರುಪೇರಾಗುವ ಮಗುವಿಗೆ ಆ ಹೆದರಿಕೆ ಇನ್ನೂ ಹೆಚ್ಚು.

ನನ್ನ ಮಗಳಿಗೂ ಇದೇ ಕಾಯಿಲೆ. ಡಾಕ್ಟರ್ ಹೇಳಿದಂತೆ ಮೊದಲು ಅವಳ ಮಂಚದ ಪಕ್ಕವೇ ಚಾಪೆ ಹಾಕಿದೆ. ಅದು ಸಲೀಸಾದ ಮೇಲೆ ಬಾಗಿಲ ಹತ್ತಿರ, ಆಮೇಲೆ ಹೊಸ್ತಿಲಾಚೆ. ಮೂಡ್ ಕೆಟ್ಟ ವಾರ ಚಾಪೆ ಮತ್ತೆ ಮಂಚದ ಪಕ್ಕಕ್ಕೇ ಬರುತ್ತಿತ್ತು, ಬರಲಿ ಬಿಡಿ. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲವಲ್ಲ, ಚಾರ್ಜಿನ ದೀಪ ಅವಳ ದಿಂಬಿನ ಪಕ್ಕದಲ್ಲೇ ಇರುತ್ತದೆ. ಕಣ್ಣು ಮುಚ್ಚಿಯೇ ಸ್ವಿಚ್ ಒತ್ತುವುದು ಅವಳಿಗೆ ರೂಢಿ. ಕಿಟಕಿ, ಚಿಲಕ ಹಾಕಿದೆಯೇ ಎಂದು ಇಬ್ಬರೂ ಸೇರಿ ಒಂದು ಸಲ ಮಾತ್ರ ನೋಡುತ್ತೇವೆ. ಮತ್ತೆ ಕೇಳಿದರೆ, ‘ನೋಡಿದ್ದೇವಲ್ಲ, ನಾನಿಲ್ಲೇ ಇದ್ದೀನಿ’ ಅಷ್ಟೇ. ಕೇಳಿದಾಗಲೆಲ್ಲ ಎದ್ದು ಹೋಗಿ ನೋಡಿದರೆ ಅನುಮಾನ ಬೆಳೆಯುತ್ತಲೇ ಹೋಗುತ್ತದೆ.
– ಗೃಹಿಣಿ, ಸುಂಟಿಕೊಪ್ಪ

ನಾನು ನರ್ಸ್. ಇಲ್ಲಿ ಭಯದಷ್ಟೇ ಮುಖ್ಯವಾದದ್ದು ನಿದ್ದೆ. ಬೈಪೋಲಾರ್ ಇದ್ದವರಿಗೆ ನಿದ್ದೆಗೆಟ್ಟರೆ ಅದೇ ಮೂಡನ್ನು ಅತಿಯಾಗಿ ಮೇಲಕ್ಕೆ ಎತ್ತಬಹುದು. ಹೆದರಿ ನಿದ್ದೆ ಬರದ ಮಗು ಬೆಳಿಗ್ಗೆ ಸುಸ್ತಾಗಿರುತ್ತದೆ. ಆದರೆ ಸ್ವಲ್ಪವೇ ಮಲಗಿಯೂ ದಣಿವಿಲ್ಲದೆ ಪಟಪಟ ಮಾತಾಡುತ್ತಾ, ಒಂದು ಕಡೆ ನಿಲ್ಲದೆ ಓಡಾಡುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಮಲಗಿದ್ದು, ಎದ್ದದ್ದು, ಆ ದಿನದ ಮೂಡ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಡಾಕ್ಟರಿಗೆ ಅದು ತುಂಬ ಸಹಾಯ. ರಜೆಯಲ್ಲೂ ಏಳುವ ಹೊತ್ತು ಒಂದೇ ಇರಲಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಲಿಥಿಯಂ (ಮೂಡ್ ಏರಿಳಿತ ತಡೆಯುವ ಮಾತ್ರೆ) ಕೊಡುತ್ತಿದ್ದರೆ ರಕ್ತಪರೀಕ್ಷೆ ತಪ್ಪಿಸಬಾರದು, ವಾಂತಿಭೇದಿಯಾದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು.

ಯಾರೋ ಕರೆಯುವ ದನಿ ಕೇಳಿಸುತ್ತದೆ, ಬದುಕೋದೇ ಬೇಡ ಎಂದೇನಾದರೂ ಅಂದರೆ ಬೆಳಗಾಗುವವರೆಗೂ ತಡೆಯಬೇಡಿ, ಅವನನ್ನು ಒಬ್ಬನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನಡುರಾತ್ರಿಯೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.
– ಗೋಣಿಕೊಪ್ಪ

ಮನೆಯವರಿಗೆ ಒಂದು ಮಾತು. ತೋಟಕ್ಕೆ ಆನೆ ಬಂದ ಸುದ್ದಿ, ಗುಡ್ಡ ಕುಸಿದ ವಿಡಿಯೊ ರಾತ್ರಿ ಊಟದ ಹೊತ್ತಿಗೆ ಬೇಡ. ಅವನು ಕೇಳಿದರೆ ಮುಚ್ಚಿಡಲೂ ಬೇಡ, ಹಗಲಲ್ಲಿ ಕೂತು ಸಮಾಧಾನವಾಗಿ ಹೇಳಿ. ಇನ್ನು, ಚಾಪೆ ಹಾಕಿಕೊಂಡು ಮಲಗುವುದು ಬರೀ ತಾಯಿಯ ಕೆಲಸವೇ? ಒಂದು ರಾತ್ರಿ ಅವರು, ಒಂದು ರಾತ್ರಿ ಅಪ್ಪ ಎಂದು ಇವತ್ತಿನಿಂದಲೇ ಹಂಚಿಕೊಳ್ಳಿ. ಆ ತಾಯಿಗೂ ನಿದ್ದೆ ಬೇಕು.
– ಕಾಫಿ ಬೆಳೆಗಾರ, ಪೊನ್ನಂಪೇಟೆ